ಪ್ಲಾಟು: ಒಂದು ಕಿರುಪದದ ನೆಲ ಮತ್ತು ಕಥನ

1

ಪರಭಾಷೆಯಿಂದ ಬಂದ ಪದವು ತನ್ನ ಮೂಲದ ಎಲ್ಲ ಅರ್ಥಗಳನ್ನೂ ಹೊತ್ತು ತರುವುದು ಅಪರೂಪ. ಬಹುಮಟ್ಟಿಗೆ ಅದು ಒಂದು ಅರ್ಥದೊಡನೆ ಮಾತ್ರ ಗಡಿ ದಾಟುತ್ತದೆ. ಉಳಿದವು ಆಚೆಯೇ ನಿಲ್ಲುತ್ತವೆ. ಯಾವ ಅರ್ಥ ಬಂದಿತು, ಯಾವುದು ಬರಲಿಲ್ಲ ಎಂಬುದನ್ನು ನೋಡಿದರೆ ಎರವಲು ಪಡೆದ ಜನರ ಅಗತ್ಯ ತಿಳಿಯುತ್ತದೆ. ಇಂಗ್ಲಿಷಿನ 'ಪ್ಲಾಟ್' ಎಂಬ ಕಿರುಪದ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿದೆ. ಕನ್ನಡ ಎಂ.ಎ. ತರಗತಿಯಲ್ಲಿ ಕಾದಂಬರಿ, ನಾಟಕಗಳ ಪಾಠಕ್ಕೆ ತೊಡಗಿದೊಡನೆ ಎದುರಾಗುವ ಪಾರಿಭಾಷಿಕ ಪದ ಅದು. ಕಲಬುರಗಿಯ ಸಂತೆಯಲ್ಲಿ, ಚಹದಂಗಡಿಯ ಮುಂದೆ, ಉಪನೋಂದಣಾಧಿಕಾರಿ ಕಚೇರಿಯ ಕಟ್ಟೆಯ ಮೇಲೆ ದಿನವಿಡೀ ಕೇಳಿಬರುವ ಪದವೂ ಅದೇ.

ಬೆಂಗಳೂರು, ಮೈಸೂರುಗಳಲ್ಲಿ ಮನೆ ಕಟ್ಟುವ ಜಾಗಕ್ಕೆ 'ಸೈಟು' ಎನ್ನುತ್ತಾರೆ. ಕಲಬುರಗಿಯಲ್ಲಿ ಅದೇ ಜಾಗ 'ಪ್ಲಾಟು'. ಸರ್ಕಾರಿ ಕನ್ನಡದ 'ನಿವೇಶನ' ಎರಡು ಕಡೆಯೂ ಕಾಗದದ ಮೇಲಷ್ಟೇ ಉಳಿದಿದೆ. ಈ ಭೇದ ಆಕಸ್ಮಿಕವಲ್ಲ. ಕಲಬುರಗಿಯ ನೆರೆಹೊರೆಯ ಉರ್ದು, ಮರಾಠಿ, ತೆಲುಗುಗಳಲ್ಲಿಯೂ ರೂಢಿಯಲ್ಲಿರುವುದು ಪ್ಲಾಟು ಎಂಬ ಪದವೇ. 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರಲ್ಲಿ ಕನ್ನಡನಾಡಿನೊಡನೆ ಒಂದಾದ ಈ ಪ್ರದೇಶದ ಭೂವ್ಯವಹಾರದ ಶಬ್ದಕೋಶವು ಮೈಸೂರು ಸೀಮೆಗಿಂತ ಬೇರೆಯದೇ ದಾರಿಯಲ್ಲಿ ಬೆಳೆದುಬಂದಿದೆ. ಪಟ್ಟಾ, ಪಹಣಿ, ಹಿಸ್ಸಾ, ಇನಾಮು, ಚಕ್ಕುಬಂದಿ ಮೊದಲಾದ ಪದಗಳ ಸಾಲಿನಲ್ಲಿಯೇ ಪ್ಲಾಟು ಬಂದು ಕುಳಿತಿದೆ.

ಕಲಬುರಗಿ ನಗರದ ಅಂಚಿನ ಶರಣಸಿರಸಗಿಯಂಥ ಊರಿನಲ್ಲಿ ಈ ಪದದ ಬಾಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ನಗರ ಹಬ್ಬುತ್ತ ಬಂದಂತೆ ಎರಿಭೂಮಿಯ ತೊಗರಿ, ಜೋಳದ ಹೊಲಗಳ ನಡುವೆ ಬಿಳಿ ಬಣ್ಣದ ಮೋಟುಗಲ್ಲುಗಳು ಏಳುತ್ತವೆ. ಆಗ ಊರಿನವರು 'ಅವರ ಹೊಲದಾಗ ಪ್ಲಾಟ್ ಬಿದ್ದಾವ' ಎನ್ನುತ್ತಾರೆ. ಕ್ರಿಯಾಪದ ಗಮನಾರ್ಹವಾಗಿದೆ. ಮಳೆ ಬೀಳುತ್ತದೆ, ಸಿಡಿಲು ಬೀಳುತ್ತದೆ, ಬರ ಬೀಳುತ್ತದೆ, ಪ್ಲಾಟೂ ಬೀಳುತ್ತದೆ. ಹಾಕಿದವರು ಯಾರು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ.

2

ಇಂಗ್ಲಿಷಿನಲ್ಲಿ ಈ ಪದದ ಮೊದಲ ಅರ್ಥ ನೆಲದ ಸಣ್ಣ ತುಂಡು ಎಂದೇ. ಹಳೆಯ ಇಂಗ್ಲಿಷಿನ ಕೊನೆಯ ಕಾಲದಲ್ಲಿಯೇ ಅದು ಈ ಅರ್ಥದಲ್ಲಿ ದೊರೆಯುತ್ತದೆ. ಅದರ ಹಿಂದಿನ ಮೂಲವನ್ನು ನಿರುಕ್ತಕಾರರು ಗುರುತಿಸಿಲ್ಲ. ಹದಿನಾರನೆಯ ಶತಮಾನದ ಹೊತ್ತಿಗೆ ಅರ್ಥ ವಿಸ್ತಾರಗೊಂಡು ನೆಲದ ನಕ್ಷೆ, ಕಟ್ಟಡದ ತಳನಕ್ಷೆ ಎಂಬುದಕ್ಕೂ ಅದೇ ಪದ ಬಳಕೆಗೆ ಬಂದಿತು. ಚಪ್ಪಟೆ ಎಂಬ ಅರ್ಥದ ಫ್ರೆಂಚ್ ಮೂಲದಿಂದ ಬಂದ 'ಪ್ಲ್ಯಾಟ್' ಎಂಬ ಇನ್ನೊಂದು ಪದ ಇದರೊಡನೆ ಬೆರೆಯಿತು. ನೆಲವನ್ನು ಅಳೆದು ಕಾಗದದ ಮೇಲೆ ಬರೆದದ್ದು ನಕ್ಷೆಯಾದರೆ, ಮುಂದೆ ಮಾಡಬೇಕಾದ ಕೆಲಸವನ್ನು ಮನಸ್ಸಿನಲ್ಲಿ ಬರೆದುಕೊಂಡದ್ದು ಯೋಜನೆ. ಹೀಗೆ ನೆಲದಿಂದ ನಕ್ಷೆಗೆ, ನಕ್ಷೆಯಿಂದ ಯೋಜನೆಗೆ ಅರ್ಥ ಸಾಗಿತು.

ಇದೇ ಕಾಲದಲ್ಲಿ ಫ್ರೆಂಚಿನ 'ಕೋಂಪ್ಲೊ' ಎಂಬ, ಒಳಸಂಚನ್ನು ಸೂಚಿಸುವ ಪದದ ಪ್ರಭಾವವೂ ಸೇರಿತು. ಯೋಜನೆ ಗುಟ್ಟಿನ ಯೋಜನೆಯಾಯಿತು. ಗುಟ್ಟಿನ ಯೋಜನೆ ಕೇಡಿನ ಯೋಜನೆಯಾಯಿತು. 1605ರ ನವೆಂಬರಿನಲ್ಲಿ ಲಂಡನ್ನಿನ ಸಂಸತ್ತನ್ನು ಮದ್ದಿಟ್ಟು ಸಿಡಿಸುವ ಸಂಚು ಬಯಲಾದ ಮೇಲೆ ಈ ಅರ್ಥ ಇಂಗ್ಲಿಷರ ಮನಸ್ಸಿನಲ್ಲಿ ಬೇರೂರಿತು. ನಾಟಕ ಅಥವಾ ಕಥೆಯ ಘಟನೆಗಳ ಜೋಡಣೆ ಎಂಬ ಅರ್ಥ ಹದಿನೇಳನೆಯ ಶತಮಾನದಲ್ಲಿ ನೆಲೆಗೊಂಡಿತು.

ಎಲಿಜಬೆತ್ ಯುಗದ ರಂಗಭೂಮಿಯ ಒಂದು ರೂಢಿಯನ್ನು ಇಲ್ಲಿ ನೆನೆಯಬೇಕು. ಯಾವ ದೃಶ್ಯದಲ್ಲಿ ಯಾರು ಪ್ರವೇಶಿಸಬೇಕು ಎಂಬುದನ್ನು ದೊಡ್ಡ ಹಾಳೆಯಲ್ಲಿ ಚೌಕಗಳಾಗಿ ಬರೆದು ತೆರೆಯ ಹಿಂದೆ ಗೂಟಕ್ಕೆ ತೂಗುಹಾಕುತ್ತಿದ್ದರು. ಆ ಹಾಳೆಗೂ ಪ್ಲಾಟ್ ಎಂದೇ ಹೆಸರು. ಅಂಥ ಕೆಲವು ಹಾಳೆಗಳು ಇಂದಿಗೂ ಉಳಿದಿವೆ. ಗೆರೆ ಹೊಡೆದು ಚೌಕಗಳಾಗಿ ವಿಂಗಡಿಸಿದ ಆ ಹಾಳೆಗೂ ಬಡಾವಣೆಯ ನಕ್ಷೆಗೂ ಇರುವ ಹೋಲಿಕೆ ಗಮನಾರ್ಹ. ಎರಡರಲ್ಲಿಯೂ ಯಾರ ಜಾಗ ಎಲ್ಲಿ ಎಂಬುದು ಮೊದಲೇ ನಿಗದಿಯಾಗಿರುತ್ತದೆ.

3

ಕನ್ನಡ ವಿಮರ್ಶೆ ಈ ಪದವನ್ನು ನೇರವಾಗಿ ಎರವಲು ಪಡೆಯಲಿಲ್ಲ. ಉರ್ದು ವಿಮರ್ಶೆಯಲ್ಲಿ ಕಥೆಯ ಪ್ಲಾಟು, ಜಮೀನಿನ ಪ್ಲಾಟು ಎರಡಕ್ಕೂ ಒಂದೇ ಪದ ನಡೆಯುತ್ತದೆ. ಕನ್ನಡದವರು ಇತಿವೃತ್ತ, ಕಥಾವಸ್ತು, ಸಂವಿಧಾನ, ಕಥಾಹಂದರ, ಹೆಣಿಗೆ ಎಂದು ಬೇರೆಬೇರೆ ಪದಗಳನ್ನು ಪ್ರಯೋಗಿಸಿದರು. ಪ್ರತಿಯೊಂದು ಪದವೂ ಒಂದೊಂದು ಸಾಹಿತ್ಯಕಲ್ಪನೆಯನ್ನು ಒಳಗೊಂಡಿದೆ.

ಇತಿವೃತ್ತ ಎಂಬುದು ನಾಟ್ಯಶಾಸ್ತ್ರದ ಪದ. ಭರತನು ಇತಿವೃತ್ತವನ್ನು ನಾಟ್ಯದ ಶರೀರವೆಂದು ಕರೆದು, ಅದನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಾಗಿ ವಿಂಗಡಿಸುತ್ತಾನೆ. ಅರಿಸ್ಟಾಟಲನಾದರೋ ಘಟನೆಗಳ ಜೋಡಣೆಯನ್ನು ದುರಂತನಾಟಕದ ಆತ್ಮವೆಂದು ಭಾವಿಸುತ್ತಾನೆ. ಒಬ್ಬರಿಗೆ ಶರೀರವಾದದ್ದು ಇನ್ನೊಬ್ಬರಿಗೆ ಆತ್ಮ. ರಸವನ್ನು ಪ್ರಧಾನವೆಂದು ಬಗೆದ ಪರಂಪರೆ ಘಟನೆಗಳ ಜೋಡಣೆಯನ್ನು ಶರೀರದ ಸ್ಥಾನದಲ್ಲಿರಿಸಿದ್ದು ಸಹಜವೇ. ಆದರೆ ಶರೀರ ಎಂಬ ರೂಪಕ ಹಗುರವಾದುದಲ್ಲ. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಶರೀರಕ್ಕೆ 'ಕ್ಷೇತ್ರ' ಎಂಬ ಹೆಸರಿದೆ, ಕ್ಷೇತ್ರವೆಂದರೆ ಹೊಲ. ಇತಿವೃತ್ತವು ಶರೀರ, ಶರೀರವು ಹೊಲ ಎಂದು ಕೊಂಡಿ ಹಾಕಿದರೆ, ಇಂಗ್ಲಿಷ್ ಪದ ಸಾಗಿದ ದಾರಿಗೆ ಹತ್ತಿರದ ಇನ್ನೊಂದು ದಾರಿ ಇಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಸಂವಿಧಾನ ಎಂಬ ಪದದ ಪಾಡು ಬೇರೆ. ನಾಟಕದ ಘಟನೆಗಳ ವ್ಯವಸ್ಥೆಯನ್ನು ಸೂಚಿಸುತ್ತಿದ್ದ ಈ ಪದ ಇಂದು ದೇಶದ ಮೂಲ ಕಾನೂನಿನ ಹೆಸರಾಗಿದೆ. 2012ರ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರಿದ ನಂತರ ಈ ಭಾಗದ ವಿದ್ಯಾರ್ಥಿಗಳಿಗೆ ಸಂವಿಧಾನವೆಂದರೆ ಓದು, ಉದ್ಯೋಗಗಳ ಮೀಸಲಾತಿಯ ಆಧಾರ. ಅವರ ಮುಂದೆ 'ಕಥಾಸಂವಿಧಾನ' ಎಂದರೆ ಅವರು ಕ್ಷಣಹೊತ್ತು ಗೊಂದಲಕ್ಕೆ ಬೀಳುತ್ತಾರೆ. ಇನ್ನು ಹಂದರ ಅಚ್ಚಗನ್ನಡದ ಪದ. ಮದುವೆಯ ಹಂದರ, ಬಳ್ಳಿಯ ಹಂದರಗಳನ್ನು ಕಂಡವರಿಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಹಂದರಕ್ಕೆ ನೆಲ ಬೇಕು, ಗುಂಡಿ ತೋಡಿ ಗಳ ನೆಡಬೇಕು. ಕಥೆಗೂ ಅದೇ ಬೇಕು ಎಂಬ ಅರಿವು ಈ ಪದದಲ್ಲಿದೆ.

ಹೀಗೆ ವಿಮರ್ಶೆ ಬೇಡವೆಂದು ಬಿಟ್ಟ ಪದವನ್ನು ಬೀದಿ ಎತ್ತಿಕೊಂಡಿತು. ಬೀದಿಗೆ ಬೇಕಾದದ್ದು ಕಥೆಯ ಅರ್ಥವಲ್ಲ, ಸಂಚಿನ ಅರ್ಥವೂ ಅಲ್ಲ. ಕೇವಲ ನೆಲದ ಅರ್ಥ. ಎತ್ತಿಕೊಂಡ ಮೇಲೆ ಕನ್ನಡದ ವ್ಯಾಕರಣಕ್ಕೆ ಒಗ್ಗಿಸಿತು. ವ್ಯಂಜನಾಂತ ಪದಕ್ಕೆ ಉಕಾರ ಸೇರಿ ಪ್ಲಾಟು, ವಿಭಕ್ತಿ ಸೇರಿ ಪ್ಲಾಟಿಗೆ, ಪ್ಲಾಟಿನಾಗ. ಬಹುಮಹಡಿ ಕಟ್ಟಡದ ಮನೆಯಾದ 'ಫ್ಲ್ಯಾಟ್' ಎಂಬ ಪದವೂ ಹಲವರ ಬಾಯಲ್ಲಿ ಪ್ಲಾಟೇ ಆಗಿ, ನೆಲ ಮತ್ತು ನೆಲವಿಲ್ಲದ ಮನೆ ಎರಡಕ್ಕೂ ಒಂದೇ ಹೆಸರು ಬಂದಿದೆ. ಕೇಳುಗರು ಸಂದರ್ಭದಿಂದ ಅರ್ಥ ಬಿಡಿಸಿಕೊಳ್ಳುತ್ತಾರೆ.

4

ಬಿಟ್ಟ ಅರ್ಥಗಳು ಒಮ್ಮೊಮ್ಮೆ ತಡವಾಗಿ ಹಿಂಬಾಲಿಸಿ ಬರುವುದುಂಟು. ಕಲಬುರಗಿಯ ಕಾಲೇಜೊಂದರ ಕನ್ನಡ ತರಗತಿಯಲ್ಲಿ ನಡೆದ ಮಾತುಕತೆ ಇದಕ್ಕೆ ನಿದರ್ಶನ. ಇ.ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯನ್ನು ಕುರಿತು ಪ್ರಕಟಿಸಿದ ಉಪನ್ಯಾಸಗಳ ಪ್ರಸಿದ್ಧ ಭೇದವನ್ನು ಅಧ್ಯಾಪಕರು ವಿವರಿಸುತ್ತಿದ್ದರು. ಘಟನೆಗಳು ಒಂದಾದ ಮೇಲೊಂದು ನಡೆದರೆ ಅದು ಕಥೆ. ಒಂದರಿಂದ ಇನ್ನೊಂದು ನಡೆಯಿತೆಂಬ ಕಾರಣಸಂಬಂಧ ಕಂಡರೆ ಅದು ಪ್ಲಾಟ್. ಶರಣಸಿರಸಗಿಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬ ಎದ್ದುನಿಂತು, 'ಸರ್, ನಮ್ಮ ಹೊಲದಾಗ ನಲವತ್ತು ಪ್ಲಾಟ್ ಬಿದ್ದಾವ್ರಿ. ಕಥಿ ಒಂದೇ ಅದ' ಎಂದ. ತರಗತಿ ನಕ್ಕಿತು. ಅಧ್ಯಾಪಕರು ನಗಲಿಲ್ಲ. ಆ ಒಂದು ಕಥೆಯನ್ನು ಬರೆದು ತರುವಂತೆ ಅವನಿಗೆ ಹೇಳಿದರು.

ವಾರದ ನಂತರ ಅವನು ತಂದದ್ದು ಎರಡು ಪುಟ. ಮುತ್ಯಾನ ಕಾಲದ ಎರಡು ಎಕರೆ. ಅದರ ಹೆಸರು ಬೇವಿನಗಿಡದ ಹೊಲ. ಎರಡು ವರ್ಷ ತೊಗರಿ ಕೈಕೊಟ್ಟಿತು. ಅಕ್ಕನ ಮದುವೆಗೆ ಮಾಡಿದ ಸಾಲ ಬೆಳೆಯಿತು. ಹೊಲ ಮಾರುವ ಮಾತು ಬಂದಾಗ ಅಪ್ಪನ ಅಕ್ಕತಂಗಿಯರಿಬ್ಬರ ಸಹಿ ಬೇಕಾಯಿತು. ಮದುವೆಯಾಗಿ ಹೋದ ಮೇಲೆ ಹೊಲದ ಕಾಗದದಲ್ಲಿ ತಮ್ಮ ಹೆಸರಿನ ಸುದ್ದಿಯನ್ನೇ ಕೇಳದಿದ್ದ ಆ ಇಬ್ಬರನ್ನು ಕರೆಸಿ, ಸೀರೆ ಉಡಿಸಿ, ಉಡಿ ತುಂಬಿ, ಕಚೇರಿಗೆ ಕರೆದೊಯ್ದರು. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಹಿರಿಯ ಅತ್ತೆ ತಮ್ಮನನ್ನು ಕೇಳಿದ್ದಿಷ್ಟು: 'ಒತ್ತತೀನಪ್ಪ, ಅದಕ್ಕೇನು. ಆದರ ಎಳ್ಳಮಾಸಿಗಿ ಇನ್ನ ನಾ ಎಲ್ಲಿಗಿ ಬರ್ಲಿ?' ಯಾರೂ ಉತ್ತರ ಹೇಳಲಿಲ್ಲವೆಂದು ಬರೆದು ವಿದ್ಯಾರ್ಥಿ ಬರಹವನ್ನು ನಿಲ್ಲಿಸಿದ್ದ.

ಅಧ್ಯಾಪಕರು ಅದನ್ನು ತರಗತಿಯಲ್ಲಿ ಓದಿಸಿದರು. ಹೊಲ ಮಾರಿದರು, ಮನೆಗಳೆದ್ದವು ಎಂಬುದು ಫಾರ್ಸ್ಟರನ ಮಾತಿನಲ್ಲಿ ಕಥೆ. ಬೆಳೆ ಹೋದುದರಿಂದ ಸಾಲ ಬೆಳೆಯಿತು, ಸಾಲದಿಂದ ಮಾರಾಟ, ಮಾರಾಟದಿಂದ ಹೆಣ್ಣುಮಕ್ಕಳ ಸಹಿ, ಸಹಿಯಿಂದ ತವರಿನ ಹೊಲದ ದಾರಿ ಮುಚ್ಚಿದ್ದು ಎಂದು ಸಾಲು ಹಿಡಿದರೆ ಅದು ಪ್ಲಾಟ್. ಆ ದಿನ ಯಾವ ವಿದ್ಯಾರ್ಥಿಗೂ ಆ ಭೇದವನ್ನು ಮತ್ತೆ ವಿವರಿಸಬೇಕಾಗಲಿಲ್ಲ.

5

ಆ ಎರಡು ಪುಟಗಳಲ್ಲಿ ಬಂದುಹೋದ ಸಂಗತಿಗಳಿಗೆ ಕಾನೂನಿನ ಹಿನ್ನೆಲೆಯೂ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಿತು. 2005ರ ಕೇಂದ್ರ ತಿದ್ದುಪಡಿ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯ ಸಹಭಾಗಿಗಳನ್ನಾಗಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹೊಲ ಹೊಲವಾಗಿರುವವರೆಗೆ ಅನೇಕ ಕುಟುಂಬಗಳಲ್ಲಿ ಈ ಹಕ್ಕು ಮಾತಿಗೆ ಬರುವುದಿಲ್ಲ. ಅದು ಪ್ಲಾಟಾಗುವ ದಿನ ಕೊಳ್ಳುವವನಿಗೆ ತಕರಾರಿಲ್ಲದ ಕಾಗದ ಬೇಕು. ಆದ್ದರಿಂದ ಹೆಣ್ಣುಮಕ್ಕಳ ನೆನಪಾಗುತ್ತದೆ. ಹಕ್ಕು ಮೊದಲ ಬಾರಿಗೆ ಕಣ್ಣಿಗೆ ಬೀಳುವ ದಿನವೇ ಅದನ್ನು ಬಿಟ್ಟುಕೊಡುವ ದಿನವೂ ಆಗುತ್ತದೆ. ಅಪರೂಪಕ್ಕೆ ಒಬ್ಬಾಕೆ ಬೆರಳು ಹಿಂದೆಳೆದುಕೊಂಡು ತನ್ನ ಪಾಲು ಕೇಳುವುದೂ ಉಂಟು. ಪ್ಲಾಟು ಎಂಬ ಪದ ಆಕೆಯ ಪಾಲಿಗೆ ನಷ್ಟದ ಪದವಾಗಿ ಉಳಿಯುವುದಿಲ್ಲ.

ಅಳತೆಯ ಲೆಕ್ಕವೂ ಹೀಗೆಯೇ ಎರಡು ಮುಖದ್ದು. ಒಂದು ಎಕರೆಗೆ 40 ಗುಂಟೆ, 43,560 ಚದರಡಿ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಮೂವತ್ತು ನಲವತ್ತರ ಪ್ಲಾಟು 1,200 ಚದರಡಿ. ಅಂದರೆ ಗುಂಟೆಗಿಂತ ಕೊಂಚ ದೊಡ್ಡದು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳ ಜಾಗ ಕಳೆದು ಅರ್ಧಕ್ಕಿಂತ ತುಸು ಹೆಚ್ಚು ನೆಲ ಉಳಿದರೆ ಎಕರೆಗೆ ಇಪ್ಪತ್ತರ ಆಸುಪಾಸು ಪ್ಲಾಟುಗಳು. ಆ ವಿದ್ಯಾರ್ಥಿಯ ನಲವತ್ತರ ಲೆಕ್ಕ ಸರಿಯಾಗಿಯೇ ಇತ್ತು. ಒಂದು ಮನೆತನದ ಹೊಲ ನಲವತ್ತು ಮನೆತನಗಳ ನೆಲೆಯಾಗುತ್ತದೆ. ಅವರಲ್ಲಿ ನಿವೃತ್ತ ಶಿಕ್ಷಕರಿರುತ್ತಾರೆ, ಬಸ್ಸಿನ ನಿರ್ವಾಹಕರಿರುತ್ತಾರೆ, ದೂರದ ತಾಂಡಾದಿಂದ ದುಡಿದು ಉಳಿಸಿದ ಹಣ ತಂದವರಿರುತ್ತಾರೆ. ಊರೊಳಗೆ ಮನೆ ಸಿಗದ ಜಾತಿಯವರಿಗೆ ಸಂಖ್ಯೆ ಮಾತ್ರವಿರುವ ಪ್ಲಾಟು ಬಿಡುಗಡೆಯಾಗಿಯೂ ಒದಗುತ್ತದೆ. ಸಂಖ್ಯೆಗೆ ಕೇರಿಯಿಲ್ಲ.

ಆದರೆ ಸಂಖ್ಯೆಗೆ ನೆನಪೂ ಇಲ್ಲ. ಈ ಸೀಮೆಯಲ್ಲಿ ಹೊಲಗಳಿಗೆ ಹೆಸರುಗಳಿವೆ: ಹಳ್ಳದ ಹೊಲ, ಬೇವಿನಗಿಡದ ಹೊಲ, ಗುಡಿಹೊಲ, ಹಿರೇಹೊಲ. ಪ್ರಾಚೀನ ಶಾಸನಗಳು ದಾನದ ನೆಲವನ್ನು ಮತ್ತರು, ಕಮ್ಮಗಳಲ್ಲಿ ಅಳೆದು, ಅದರ ಎಲ್ಲೆಯನ್ನು ಹಳ್ಳ, ಮರ, ನಟ್ಟ ಕಲ್ಲುಗಳಿಂದ ಗುರುತಿಸುತ್ತಿದ್ದವು. ಚಿತ್ತಾಪುರ ಸಮೀಪದ ನಾಗಾವಿಯ ಹನ್ನೊಂದನೆಯ ಶತಮಾನದ ಶಾಸನ ಘಟಿಕಾಸ್ಥಾನದ ಉಪಾಧ್ಯಾಯರಿಗೂ ಸರಸ್ವತೀ ಭಂಡಾರಿಗರಿಗೂ ಭೂಮಿಯನ್ನು ಬಿಟ್ಟುಕೊಟ್ಟದ್ದನ್ನು ದಾಖಲಿಸಿದೆ. ಅಲ್ಲಿ ನೆಲದ ಅಳತೆಯೊಡನೆ ಅದರ ಉದ್ದೇಶವೂ ಕಲ್ಲಿನಲ್ಲಿ ನಿಂತಿದೆ. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆ ಹೇಳಿದ್ದೂ ನದಿಗಳ ಹೆಸರಿನಿಂದಲೇ. ಸಂಖ್ಯೆಯಿಂದ ಗುರುತಿಸುವ ಪದ್ಧತಿ ಸರ್ವೇ ನಂಬರುಗಳೊಡನೆ ಬಂದು ಪ್ಲಾಟು ನಂಬರುಗಳಲ್ಲಿ ಪೂರ್ಣಗೊಂಡಿದೆ.

ಎಳ್ಳಮವಾಸ್ಯೆಯ ದಿನ ಕಲಬುರಗಿ ಜಿಲ್ಲೆಯ ರೈತರು ಬುತ್ತಿ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಉಣ್ಣುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಂದು ತವರಿನ ಹೊಲಕ್ಕೆ ಬರುತ್ತಾರೆ. ಪ್ಲಾಟಿನಲ್ಲಿ ವಾಸ್ತುಪೂಜೆ ನಡೆಯುತ್ತದೆ, ಗೃಹಪ್ರವೇಶ ನಡೆಯುತ್ತದೆ, ಚರಗ ಚೆಲ್ಲುವುದಿಲ್ಲ. ಕಲಬುರಗಿಯ ಶರಣಬಸವೇಶ್ವರರು ತಮ್ಮ ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇಟ್ಟರೆಂಬ ಐತಿಹ್ಯ ಈ ಭಾಗದಲ್ಲಿ ಮನೆಮಾತು. ಬೇಲಿಯೊಳಗಿನ ನೆಲಕ್ಕೂ ಹೊರಗಿನವರ ಹಸಿವಿಗೂ ಇದ್ದ ಸಂಬಂಧವನ್ನು ಆ ಐತಿಹ್ಯ ಹೇಳುತ್ತದೆ. 'ಶರಣ' ಎಂಬ ಪದವನ್ನು ಹೆಸರಿನಲ್ಲಿಯೇ ಹೊತ್ತ ಊರಿನ ಹೊಲಗಳ ಅಂಚಿನಲ್ಲಿ ಆ ಕಥೆಯನ್ನು ಹೊಸದಾಗಿ ಕೇಳಬೇಕಾಗಿದೆ.

6

ಇಂಗ್ಲಿಷಿನಲ್ಲಿ ನೆಲ, ಸಂಚು, ಕಥೆ ಮೂರೂ ಒಂದೇ ಪದದಲ್ಲಿ ಕೂಡಿದ್ದು ಚರಿತ್ರೆಯ ಆಕಸ್ಮಿಕ. ಕನ್ನಡದಲ್ಲಿ ಇದಕ್ಕೆ ಸಮನಾದ ನಾಮಪದವಿಲ್ಲದಿದ್ದರೂ ಒಂದು ಕ್ರಿಯಾಪದವಿದೆ. ಅದು 'ಹೂಡು'. ಎತ್ತನ್ನು ನೊಗಕ್ಕೆ ಕಟ್ಟುವುದು, ಸೇರಿಸುವುದು ಅದರ ತಿರುಳು. ರೈತ ನೇಗಿಲು ಹೂಡುತ್ತಾನೆ, ಬಂಡಿ ಹೂಡುತ್ತಾನೆ. ವೀರ ಬಾಣ ಹೂಡುತ್ತಾನೆ. ವ್ಯಾಪಾರಿ ಬಂಡವಾಳ ಹೂಡುತ್ತಾನೆ. ಕಕ್ಷಿದಾರ ದಾವೆ ಹೂಡುತ್ತಾನೆ. ಕೇಡಿಗ ಸಂಚು ಹೂಡುತ್ತಾನೆ. ಇದೇ ಧಾತುವಿನ 'ಹೂಟ' ನೇಗಿಲ ಕೆಲಸಕ್ಕೂ ಗುಟ್ಟಿನ ಉಪಾಯಕ್ಕೂ ಸಲ್ಲುತ್ತದೆ. ನಗರದಂಚಿನ ಒಂದು ಹೊಲ ನಲವತ್ತು ವರ್ಷಗಳಲ್ಲಿ ಕಾಣುವ ಸಂಗತಿಗಳೆಲ್ಲ ಈ ಒಂದು ಕ್ರಿಯಾಪದದೊಳಗೆ ಕ್ರಮವಾಗಿ ಅಡಗಿವೆ: ಮೊದಲು ನೇಗಿಲು, ಆಮೇಲೆ ಬಂಡವಾಳ, ಕೆಲವೊಮ್ಮೆ ಸಂಚು, ಕೊನೆಗೆ ದಾವೆ.

ಸಂಚಿಗೆ ಕನ್ನಡ ಬಳಸುವ ಬೇರೆ ಪದಗಳೂ ಪಾಠ ಹೇಳುತ್ತವೆ. ಮಸಲತ್ತು ಎಂಬುದು ಅರಬಿಯಲ್ಲಿ ಹಿತ, ಒಳಿತು ಎಂಬರ್ಥದ ಪದ. ಹುನ್ನಾರ ಪಾರಸಿಯಲ್ಲಿ ಕುಶಲತೆಯನ್ನು ಹೇಳುವ ಪದದಿಂದ ಬಂದದ್ದು. ಒಳಿತಿನ ಮಾತು ಹಾಗೂ ಕುಶಲತೆಗಳು ಜನರ ಅನುಭವದಲ್ಲಿ ಸಂಚಾಗಿ ಮಾರ್ಪಟ್ಟವು. ಕಚೇರಿಯ ಭಾಷೆ ಒಂದು ಕಾಲಕ್ಕೆ ಸಾಮಾನ್ಯರಿಗೆ ಹೇಗೆ ಕೇಳಿಸಿತು ಎಂಬುದಕ್ಕೆ ಈ ಅರ್ಥಾಪಕರ್ಷವೇ ಸಾಕ್ಷಿ. ಪ್ಲಾಟು ಎಂಬ ಪದಕ್ಕೂ ಇಂಥ ಗತಿ ಒದಗಬಹುದೇ ಎಂಬುದು ಮುಂದಿನ ತಲೆಮಾರಿನ ಕೋಶಕಾರರು ಗಮನಿಸಬೇಕಾದ ಸಂಗತಿ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ತಡೆಯನ್ನು ಕರ್ನಾಟಕ 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ ತೆಗೆದುಹಾಕಿದ ಮೇಲೆ ಪದದ ಓಡಾಟ ಹೆಚ್ಚಲು ಕಾರಣವಿದೆ. ತಾಲ್ಲೂಕು ಕೇಂದ್ರವಾದ ಕಮಲಾಪುರದಂಥ ಕಡೆ, ಭೌಗೋಳಿಕ ಗುರುತು ಪಡೆದ ಕೆಂಪುಬಾಳೆಯ ತೋಟಗಳ ನೆರೆಯಲ್ಲಿಯೂ ಅದನ್ನು ಕೇಳಬಹುದು.

ಎರವಲು ಪದಗಳ ಅಧ್ಯಯನ ಸಾಮಾನ್ಯವಾಗಿ ಧ್ವನಿವ್ಯತ್ಯಾಸ, ಪ್ರತ್ಯಯಸೇರ್ಪಡೆಗಳ ಪಟ್ಟಿಯಲ್ಲಿ ಮುಗಿಯುತ್ತದೆ. ಆ ಪಟ್ಟಿ ಅಗತ್ಯವೇ. ಅದರೊಡನೆ ಪದ ಬಂದು ನಿಂತ ಜಾಗದಲ್ಲಿ ಮೊದಲು ಯಾವ ಪದಗಳಿದ್ದವು ಎಂಬ ಪಟ್ಟಿಯೂ ಬೇಕು. ಕಲಬುರಗಿಯ ಸುತ್ತಲಿನ ಊರುಗಳಲ್ಲಿ ಹೊಲಗಳ ಹೆಸರುಗಳನ್ನು ಸಂಗ್ರಹಿಸುವ ಕೆಲಸ ಕನ್ನಡ ವಿಭಾಗಗಳ ಕ್ಷೇತ್ರಕಾರ್ಯಕ್ಕೆ ತಕ್ಕ ವಿಷಯ. 'ಕ್ಷೇತ್ರಕಾರ್ಯ' ಎಂಬ ಪದ ಅಲ್ಲಿ ತನ್ನ ಮೂಲಾರ್ಥಕ್ಕೆ ಮರಳುತ್ತದೆ. ಹೆಸರು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಹೆಣ್ಣುಮಕ್ಕಳನ್ನು ಮೊದಲು ಕೇಳಬೇಕು. ಹೊಲದ ಕಾಗದ ಗಂಡಸರ ಬಳಿ ಇದ್ದರೂ, ಯಾವ ಬದುವಿನ ಮೇಲೆ ಯಾವ ಗಿಡವಿತ್ತು, ಎಳ್ಳಮವಾಸ್ಯೆಯ ದಿನ ಬುತ್ತಿ ಬಿಚ್ಚುತ್ತಿದ್ದುದು ಯಾವ ನೆರಳಿನಲ್ಲಿ ಎಂಬುದನ್ನು ಹೇಳಬಲ್ಲವರು ಅವರೇ.